ಮನೆ ಮಾರುವ ಮಾಸ

ಬೆಂಗಳೂರಿನಲ್ಲಿ ಮನೆ ಮಾರಲು ಹೊರಟವರಿಗೆ ವರ್ಷದಲ್ಲಿ ಹನ್ನೆರಡು ತಿಂಗಳು ಸಿಗುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಅದನ್ನು ಶೂನ್ಯಮಾಸ ಎಂದು ಬಿಟ್ಟುಬಿಡುತ್ತಾರೆ. ಮುಂಗಾರಿನ ಜೊತೆ ಆಷಾಢ ಬರುತ್ತದೆ. ಗಣೇಶನನ್ನು ಬಿಟ್ಟ ಹಿಂದೆಯೇ ಪಿತೃಪಕ್ಷ. ನಡುವೆ ಗುರುವೋ ಶುಕ್ರನೋ ಅಸ್ತನಾದರೆ ಅಷ್ಟು ದಿನ ಹೋಯಿತು. ಎರಡೂವರೆ ಮೂರು ವರ್ಷಕ್ಕೊಂದು ಅಧಿಕಮಾಸ. ಪಂಚಾಂಗ ಬಿಟ್ಟುಕೊಟ್ಟ ದಿನಗಳಲ್ಲಿ ಮಕ್ಕಳ ಪರೀಕ್ಷೆ, ಬ್ಯಾಂಕಿನವರ ವರ್ಷಾಂತ್ಯ, ಸರ್ಕಾರದ ಹೊಸ ದರಪಟ್ಟಿ. ಯಲಹಂಕ ಉಪನಗರದ ನಮ್ಮ ಮನೆಯನ್ನು ಮಾರಿದ್ದು 2023ರಲ್ಲಿ. ಆ ವರ್ಷ ಇವೆಲ್ಲ ಒಂದರ ಬೆನ್ನಿಗೆ ಒಂದು ಬಂದವು, ಜೊತೆಗೆ ವಿಧಾನಸಭಾ ಚುನಾವಣೆ, ನೋಟು ವಾಪಸಾತಿ, ಎರಡು ಬಂದ್. ಅಷ್ಟನ್ನೂ ದಾಟಿ ಬಂದ ಮೇಲೆ ನನಗೆ ಖಾತ್ರಿಯಾದ ಮಾತು ಒಂದೇ: ಎಲ್ಲರೂ ಬೇಡ ಎನ್ನುವ ತಿಂಗಳುಗಳಲ್ಲಿ ಮನೆ ತೋರಿಸಬೇಕು. ಈ ಮಾತನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ, ನಂಬುವವರು ಕಡಿಮೆ.

ಉಪನಗರವನ್ನು ಕಟ್ಟಿದ್ದು ಕರ್ನಾಟಕ ಗೃಹ ಮಂಡಳಿ. ಮನೆಗಳನ್ನು ಎಚ್‌ಐಜಿ, ಎಂಐಜಿ, ಎಲ್‌ಐಜಿ ಎಂದು ವರಮಾನದ ಪ್ರಕಾರ ವಿಂಗಡಿಸಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮಾತುಕತೆಯಲ್ಲಿ ಕೂಡ ಜನ ವಿಳಾಸವನ್ನು ಹಾಗೇ ಹೇಳುತ್ತಿದ್ದರು. ನಮ್ಮದು ಎಂಐಜಿ. ಅಪ್ಪ 1984ರಲ್ಲಿ ಶುರುವಾದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ರೈಲಿನ ಗಾಲಿ ಮತ್ತು ಅಚ್ಚು ಮಾಡುವ ಆ ಕಾರ್ಖಾನೆಗೆ ಈಗ ರೈಲ್ ವೀಲ್ ಫ್ಯಾಕ್ಟರಿ ಎಂದು ಹೆಸರು. ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುವಷ್ಟು ಹತ್ತಿರ ಎಂಬ ಒಂದೇ ಕಾರಣಕ್ಕೆ ಅವರು ಮಂಡಳಿಗೆ ಅರ್ಜಿ ಹಾಕಿದ್ದು. ಆಗ ಯಲಹಂಕದವರು ಮೆಜೆಸ್ಟಿಕ್ಕಿಗೆ ಹೊರಟರೆ 'ಬೆಂಗಳೂರಿಗೆ ಹೋಗಿಬರ್ತೀವಿ' ಎನ್ನುತ್ತಿದ್ದರು. 2008ರ ಮೇನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, ಬಳ್ಳಾರಿ ರಸ್ತೆಯ ಎರಡೂ ಕಡೆ ಸೈಟಿನ ರೇಟು ಏರಿತು, ನಾವು ಊರ ಹೊರಗಿನವರಾಗಿದ್ದವರು ಊರೊಳಗಿನವರಾದೆವು. ಅಪ್ಪ ಆ ಏರಿಕೆಯನ್ನು ನೋಡಿದರು, ಮಾರುವ ಮಾತನ್ನು ಮಾತ್ರ ಎಂದೂ ಎತ್ತಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಕೆಲವು ವರ್ಷ ಅಲ್ಲೇ ಒಬ್ಬರೇ ಇದ್ದರು. ಮಂಡಿ ನೋವು ಹೆಚ್ಚಾಗಿ ಟೆರೇಸಿಗೆ ಹತ್ತುವುದು ನಿಂತಿತು. ಮೈಸೂರಿಗೆ, ನಮ್ಮ ಮನೆಗೆ ಬರಲು ಅಮ್ಮನೇ ಒಪ್ಪಿದರು. 'ಬಾಡಿಗೆಗೆ ಕೊಟ್ಟು ಅವರ ಹಿಂದೆ ಓಡಾಡೋದು ನನ್ನ ಕೈಲಾಗಲ್ಲ ಕಣಮ್ಮ. ಕೊಟ್ಟರೆ ಪೂರ್ತಿ ಕೊಟ್ಟುಬಿಡೋಣ' ಎಂದರು.

ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. 2022ರ ಡಿಸೆಂಬರ್ ರಜೆಗೆ ಬಂದವನು ಅಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ, ನಾನೂ ಬರೆದುಕೊಟ್ಟೆ. ಇದನ್ನು ಮೊದಲೇ ಮಾಡಿಕೊಂಡಿದ್ದು ಎಷ್ಟು ಒಳ್ಳೆಯದಾಯಿತೆಂದು ಆಮೇಲೆ ತಿಳಿಯಿತು. ವಿದೇಶದಲ್ಲಿರುವವರು ಮಾರಾಟದಲ್ಲಿ ಪಾಲುದಾರರಾಗಿದ್ದರೆ ಅವರ ಅಧಿಕಾರ ಪತ್ರ ಅಲ್ಲಿಂದ ದೃಢೀಕರಣವಾಗಿ ಬರಬೇಕು, ಅವರ ಪಾಲಿನ ಹಣದಿಂದ ಕೊಳ್ಳುವವರು ಮುರಿದುಕೊಳ್ಳಬೇಕಾದ ತೆರಿಗೆಯ ಲೆಕ್ಕವೇ ಬೇರೆ. ಆ ಗೋಜಲನ್ನು ಕೇಳಿಯೇ ಹಿಂದೆ ಸರಿಯುವ ಗಿರಾಕಿಗಳಿರುತ್ತಾರೆ. ಧನುರ್ಮಾಸದಲ್ಲಿ ಪತ್ರವೇ ಎಂದು ಪಕ್ಕದ ಮನೆಯವರು ಕೇಳಿದರು. ಅಮ್ಮ, 'ಮಕ್ಕಳು ಅಮ್ಮನಿಗೆ ಬರೆದುಕೊಡೋದಕ್ಕೆ ಯಾವ ಮಾಸವಾದರೇನು' ಎಂದರು.

ಹೊರಡುವ ಮುಂಚೆ ತಮ್ಮ ಹೇಳಿದ್ದು: 'ಅಕ್ಕ, ಮಾರ್ಚ್ ಏಪ್ರಿಲ್‌ನಲ್ಲಿ ಮಾರ್ಕೆಟ್ಟಿಗೆ ಬಿಡು. ಮನೆ ಮಾರೋಕೆ ಅದೇ ಸೀಸನ್ನು.' ಅವನ ಕಡೆ ಅದು ನಿಜ. ಚಳಿಗಾಲದಲ್ಲಿ ಸೂರಿನ ಮೇಲೂ ಅಂಗಳದಲ್ಲೂ ಹಿಮ ಕೂತಿರುತ್ತದೆ, ಸಂಜೆ ಐದಕ್ಕೆ ಕತ್ತಲು. ವಸಂತದಲ್ಲಿ ಹುಲ್ಲು ಚಿಗುರುತ್ತದೆ, ಹೊತ್ತು ಬೆಳೆಯುತ್ತದೆ, ಭಾನುವಾರಗಳಂದು ಓಪನ್ ಹೌಸ್ ಇಟ್ಟರೆ ಜನ ಬರುತ್ತಾರೆ. ಅದಕ್ಕಿಂತ ಮುಖ್ಯ ಕಾರಣ ಶಾಲೆ. ಅಲ್ಲಿ ಮನೆ ಇರುವ ಜಾಗದ ಮೇಲೆ ಮಗುವಿನ ಸರ್ಕಾರಿ ಶಾಲೆ ತೀರ್ಮಾನವಾಗುತ್ತದೆ. ಜೂನ್ ಕೊನೆಗೆ ಶಾಲೆ ಮುಗಿದು ಸೆಪ್ಟೆಂಬರಿನಲ್ಲಿ ಮತ್ತೆ ಶುರುವಾಗುವುದರೊಳಗೆ ಸಂಸಾರ ಹೊಸ ಮನೆಗೆ ಸೇರಿರಬೇಕು. ಹಿಂದಕ್ಕೆ ಎಣಿಸಿಕೊಂಡು ಬಂದರೆ ಬೋರ್ಡು ಹಾಕಬೇಕಾದ ಕಾಲ ಮಾರ್ಚ್, ಏಪ್ರಿಲ್.

ನಮ್ಮಲ್ಲೂ ಶಾಲೆಯ ಲೆಕ್ಕವಿದೆ, ಆದರೆ ಅದು ಬೇರೆ ತಿಂಗಳುಗಳಿಗೆ ಬೀಳುತ್ತದೆ. ಖಾಸಗಿ ಶಾಲೆಗಳ ದಾಖಲಾತಿ ನವೆಂಬರ್, ಡಿಸೆಂಬರಿನಲ್ಲೇ ಶುರುವಾಗುತ್ತದೆ. ಬೇಸಿಗೆ ರಜೆಯಲ್ಲಿ ಮನೆ ಬದಲಾಯಿಸಬೇಕೆನ್ನುವವರು ಜನವರಿಯೊಳಗೆ ಯಾವ ಬಡಾವಣೆ ಎಂದು ತೀರ್ಮಾನಿಸಿರುತ್ತಾರೆ. ಏಪ್ರಿಲ್‌ನಲ್ಲಿ ಬೋರ್ಡು ನೋಡಿ ಬರುವವರು ಹೆಚ್ಚಿನಂಶ ಹೂಡಿಕೆಯವರು, ಇಲ್ಲವೇ ಹಳೆ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವವರು. ಅವರು ಮನೆಯೊಳಗೆ ಬರುವುದೇ ಇಲ್ಲ. ಗೇಟಿನ ಬಳಿ ನಿಂತು ರಸ್ತೆಯ ಅಗಲ ಅಳೆದು, ಸೈಟು ಯಾವ ದಿಕ್ಕಿಗೆ ಎಂದು ಕೇಳಿ ಹೋಗುತ್ತಾರೆ. ಅವರಿಗೆ ಮಾರುವುದು ತಪ್ಪೇನಲ್ಲ. ಅಮ್ಮನಿಗೆ ಮಾತ್ರ ಮನೆಯಲ್ಲಿ ವಾಸ ಮಾಡುವವರೇ ಬೇಕಿತ್ತು, ಆ ಆಸೆಯನ್ನು ನಾವು ಮುಚ್ಚಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬ್ರೋಕರಿಗೆ ಹೇಳಿದೆವು. ಬಡಾವಣೆಯಲ್ಲಿ ಬಹಳ ಕಾಲದಿಂದ ಈ ಕೆಲಸ ಮಾಡುತ್ತಿರುವ ಹಿರಿಯರು. ಅವರ ಮೊದಲ ಮಾತು, 'ಫೆಬ್ರುವರಿ ಬೇಡ ಮೇಡಂ, ಏರ್ ಶೋ ಇದೆ.' ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತದೆ. 2023ರಲ್ಲಿ ಅದು ಫೆಬ್ರುವರಿ 13ರಿಂದ 17ರವರೆಗೆ. ಅಭ್ಯಾಸ ಮುಂಚೆಯೇ ಶುರುವಾಗುತ್ತದೆ. ವಿಮಾನ ತಲೆಯ ಮೇಲೆ ಹಾದರೆ ಕಿಟಕಿಯ ಗಾಜು ಗಲಗಲ ಎನ್ನುತ್ತದೆ, ಫೋನಿನಲ್ಲಿ ಮಾತು ನಿಲ್ಲಿಸಬೇಕು. ಹದ್ದುಗಳು ಸುಳಿಯದಿರಲೆಂದು ವಾಯುನೆಲೆಯ 10 ಕಿಲೋಮೀಟರ್ ಸುತ್ತ ಮಾಂಸದಂಗಡಿಗಳಿಗೆ ಜನವರಿ 30ರಿಂದ ಫೆಬ್ರುವರಿ 20ರವರೆಗೆ ಬೀಗ. ಸಂಚಾರವೂ ಬಿಗಿ. ಹೊಸಬರು ಆ ವಾರ ಬಂದರೆ ವರ್ಷವಿಡೀ ಹೀಗೇ ಎಂದುಕೊಳ್ಳುತ್ತಾರೆ ಎಂಬುದು ಬ್ರೋಕರರ ಆತಂಕ. ಅಮ್ಮ ಒಪ್ಪಲಿಲ್ಲ. 'ಇಲ್ಲಿಗೆ ಬರೋರು ಈ ಸದ್ದನ್ನು ಕೇಳಿಯೇ ಬರಲಿ. ಆಮೇಲೆ ಗೊತ್ತಾಗಿ ನಮ್ಮನ್ನು ಬಯ್ಯೋದು ಬೇಡ.' ಆ ವಾರವೂ ಬಾಗಿಲು ತೆಗೆದೇ ಇತ್ತು. ಬಂದವರಲ್ಲಿ ಯಾರೂ ಕೊಳ್ಳಲಿಲ್ಲ. ಆದರೆ ಅಮ್ಮನ ಆ ಮಾತು ನಮ್ಮ ವ್ಯವಹಾರದ ದಾರಿಯನ್ನೇ ಹಾಕಿಕೊಟ್ಟಿತು.

ಮೆಟ್ರೊ ಬರಲಿ, ಆಮೇಲೆ ಮಾರಿ ಎಂದವರೂ ಇದ್ದರು. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಮಾರ್ಗಕ್ಕೆ ಕಂಬಗಳೇಳುತ್ತಿದ್ದವು. ವಯಸ್ಸಾದ ತಾಯಿಯ ಮಂಡಿಗೂ ಕಾಂಕ್ರೀಟಿನ ಕಂಬಕ್ಕೂ ಏನು ಸಂಬಂಧ? ಆ ಸಲಹೆಯನ್ನು ನಾವು ಚರ್ಚೆಗೂ ತೆಗೆದುಕೊಳ್ಳಲಿಲ್ಲ.

ಮಾರ್ಚ್ 22ಕ್ಕೆ ಯುಗಾದಿ. ಹೊಸ ಸಂವತ್ಸರದಲ್ಲಿ ಗಿರಾಕಿ ಕುದುರುತ್ತಾರೆ ಎಂಬ ಮಾತಿದ್ದರೂ ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. 50 ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರು ದಾಖಲೆ ತೋರಿಸಬೇಕು. ಅಲ್ಲಿಗೆ ಬೆಂಗಳೂರಿನ ಮನೆ ವ್ಯಾಪಾರದ ಒಂದು ದೊಡ್ಡ ಭಾಗ ತಣ್ಣಗಾಯಿತು. ಯಾಕೆಂದರೆ ಇಲ್ಲಿ ಅರ್ಧ ಬೆಲೆಯನ್ನು ಪತ್ರದಲ್ಲಿ ಬರೆದು ಅರ್ಧವನ್ನು ಚೀಲದಲ್ಲಿ ಕೊಡುವ ರೂಢಿ ಇನ್ನೂ ಇದೆ. ನಾವು ಬ್ರೋಕರಿಗೆ ಮೊದಲೇ ಹೇಳಿದ್ದೆವು: ಪೂರ್ತಿ ಹಣ ಬ್ಯಾಂಕಿನ ಮೂಲಕ, ಪತ್ರದಲ್ಲಿ ಪೂರ್ತಿ ಬೆಲೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ತೆಗೆದುಕೊಳ್ಳಬಾರದೆಂಬ ಕಾನೂನು 2015ರಿಂದಲೂ ಇದೆ. ಅಕ್ಷಯ ತೃತೀಯ ಏಪ್ರಿಲ್ 22ಕ್ಕೆ ಬಂತು. ಗುರು ಅಸ್ತನಾಗಿದ್ದಾನೆಂದು ಕೆಲವರು ಅದನ್ನೂ ಬಿಟ್ಟರು. ಮೇ 10ಕ್ಕೆ ಮತದಾನ ಮುಗಿಯಿತು, ಮೇ 19ಕ್ಕೆ 2,000 ರೂಪಾಯಿ ನೋಟು ವಾಪಸ್ ಪಡೆಯುವ ಪ್ರಕಟಣೆ ಬಂತು. ಅದಾದ ಮೇಲೆ ಕೆಲವು ಫೋನುಗಳು ಬಂದವು, ಎಲ್ಲರದೂ ಒಂದೇ ಪ್ರಶ್ನೆ, ಸ್ವಲ್ಪ ಕ್ಯಾಷ್ ತಗೋತೀರಾ? ಇಲ್ಲ ಎಂದ ಕೂಡಲೇ ಫೋನು ಇಡುತ್ತಿದ್ದರು.

ತಮ್ಮ ಹೇಳಿದ್ದ ಸೀಸನ್ನು ಹೀಗೆ ಕಳೆಯಿತು. ಬಿಸಿಲುಕಾಲದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಬೇಸಿಗೆಯಲ್ಲಿ ಬಂದವರು ಮೊದಲು ಕೇಳುವುದು ನೀರು. ಸಂಪಿನ ಮುಚ್ಚಳ ತೆಗೆಸಿ, ಟಾರ್ಚು ಬಿಟ್ಟು ನೋಡುತ್ತಾರೆ. ನೋಡಲೇಬೇಕು. ಆದರೆ ಅವರ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಒಣಗಿದ ಗೋಡೆ, ಒಣಗಿದ ಟೆರೇಸು, ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಮೂವತ್ತೈದು ವರ್ಷ ದಾಟಿದ ಮನೆಯನ್ನು ಏಪ್ರಿಲ್ ಬಿಸಿಲಿನಲ್ಲಿ ನೋಡಿ ಕೊಂಡವರು ಜುಲೈನಲ್ಲಿ ಮಾರಿದವರ ಫೋನ್ ನಂಬರು ಹುಡುಕಿದ್ದನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ.

ಮೇ 21ರ ಭಾನುವಾರ ಮಧ್ಯಾಹ್ನ ಬೆಂಗಳೂರಿನ ಮೇಲೆ ಬಿದ್ದ ಮಳೆ ಹಲವರಿಗೆ ನೆನಪಿರಬಹುದು. ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡ ದಿನ. ನಮ್ಮ ಮನೆಯಲ್ಲಿ ಪಶ್ಚಿಮದ ರೂಮಿನ ಕಿಟಕಿಯ ಸಜ್ಜದ ಮೇಲಿನಿಂದ ನೀರು ಒಳಗೆ ಇಳಿಯಿತು. ನಾನು ಅಲ್ಲೇ ನಿಂತಿದ್ದೆ. ಮೊದಲು ಸೀಲಿಂಗಿನ ಅಂಚಿನಲ್ಲಿ ಬಣ್ಣ ಗಾಢವಾಯಿತು, ಆಮೇಲೆ ಬೆರಳಗಲದ ಗೆರೆ ಗೋಡೆ ಹಿಡಿದು ಇಳಿದು, ಸ್ವಿಚ್ ಬೋರ್ಡಿಗೆ ಒಂದು ಗೇಣು ದೂರದಲ್ಲಿ ಬಾಗಿ, ಮೊಸಾಯಿಕ್ ನೆಲದ ಮೂಲೆಗೆ ಸೇರಿತು. ಪ್ಯಾರಪಿಟ್ಟು ಟೆರೇಸಿಗೆ ಕೂಡುವ ಕಡೆ ಗಾರೆ ಬಿರುಕು ಬಿಟ್ಟಿತ್ತು. ಮೇಸ್ತ್ರಿ ಬಂದು ಕೆರೆದು, ವಾಟರ್ ಪ್ರೂಫಿಂಗ್ ಹಾಕಿ ಮುಚ್ಚಿದ. ಒಳಗೆ ಉಳಿದ ಕಲೆಗೆ ಪುಟ್ಟಿ ಹಾಕಿ ಪೇಂಟ್ ಹೊಡೆಸಿಬಿಡಿ ಎಂದು ಬ್ರೋಕರು ಹೇಳಿದರು. ಅಮ್ಮ ಬೇಡ ಎಂದರು. 'ರಿಪೇರಿ ಆಗಿದೆಯೋ ಇಲ್ಲವೋ ಅನ್ನೋದನ್ನ ಆ ಗೋಡೆಯೇ ಹೇಳಬೇಕು. ಬಣ್ಣ ಹೊಡೆದರೆ ನಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.'

ಇದನ್ನು ತಮ್ಮನಿಗೆ ಹೇಳಿದಾಗ ಅವನು ಒಂದು ಉಪಯುಕ್ತ ಮಾತು ಹೇಳಿದ. ಅಲ್ಲಿ ಬೆಲೆ ಒಪ್ಪಿದ ಮೇಲೆ ಕೊಳ್ಳುವವರು ತಮ್ಮ ಖರ್ಚಿನಲ್ಲಿ ಮನೆ ಪರೀಕ್ಷೆ ಮಾಡುವವರೊಬ್ಬರನ್ನು ಕರೆತರುತ್ತಾರೆ. ಆತ ಸೂರು, ನೆಲಮಾಳಿಗೆ, ವೈರಿಂಗು, ನೀರಿನ ಪೈಪು ಎಲ್ಲ ನೋಡಿ ಪುಟಗಟ್ಟಲೆ ವರದಿ ಕೊಡುತ್ತಾನೆ, ಅದರ ಮೇಲೆ ಚೌಕಾಸಿ. ಹಾಗಾಗಿ ಹೂ ಬಿಡುವ ತಿಂಗಳಲ್ಲಿ ಮನೆ ಕೊಂಡರೂ ಮೋಸಹೋಗುವ ಭಯ ಕಡಿಮೆ. ನಮ್ಮಲ್ಲಿ ಹಳೆಯ ಮನೆ ಕೊಳ್ಳುವವರು ವಕೀಲರಿಗೆ ಕಾಗದ ತೋರಿಸುತ್ತಾರೆ, ವಾಸ್ತು ನೋಡಿಸುತ್ತಾರೆ. ಬ್ಯಾಂಕಿನ ಎಂಜಿನಿಯರು ಬರುವುದು ಸಾಲಕ್ಕೆ ಬೆಲೆ ಕಟ್ಟಲು. ಗೋಡೆಯ ಪರೀಕ್ಷೆಗೆಂದು ಯಾರೂ ಬರುವುದಿಲ್ಲ, ಆ ಕೆಲಸವನ್ನು ನಮ್ಮಲ್ಲಿ ಮಳೆಯೇ ಮಾಡಬೇಕು. ಹೀಗಿರುವಾಗ ಮಳೆಗಾಲವನ್ನು ಬಿಟ್ಟು ಮನೆ ಮಾರುವುದು, ಕೊಳ್ಳುವುದು ಎರಡೂ ಸರಿಯಲ್ಲವೆಂದು ನನಗೆ ಆಗಲೇ ಅನ್ನಿಸಿತು.

ಜೂನ್ 19ಕ್ಕೆ ಆಷಾಢ ಹಿಡಿಯಿತು. ಆ ವರ್ಷ ಅದರ ಬೆನ್ನಿಗೇ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಎರಡು ತಿಂಗಳು ಒಟ್ಟಿಗೆ. ಅಮ್ಮನ ಒಂಟಿಕೊಪ್ಪಲು ಪಂಚಾಂಗದಲ್ಲಿ ಅಷ್ಟೂ ಹಾಳೆಗಳಲ್ಲಿ ಗೃಹಪ್ರವೇಶಕ್ಕೆ ಮುಹೂರ್ತವಿರಲಿಲ್ಲ. ಬ್ರೋಕರು, 'ಇನ್ನು ನಿಜ ಶ್ರಾವಣಕ್ಕೆ ನೋಡೋಣ ಅಮ್ಮ' ಎಂದು ಕೈಚೆಲ್ಲಿದರು. ಅಪಾರ್ಟ್‌ಮೆಂಟ್ ಕಟ್ಟುವವರು ಬಟ್ಟೆ ಅಂಗಡಿಯವರ ಹಾಗೆ ಆಷಾಢದ ರಿಯಾಯಿತಿ ಹಾಕಿ ಜಾಹೀರಾತು ಕೊಡುವ ಕಾಲ. ಆಷಾಢವನ್ನು ಬಿಡುವುದಕ್ಕೆ ಹಿಂದೆ ಕಾರಣವಿತ್ತು. ಬಿತ್ತನೆಯ ಹೊತ್ತು, ಕೈಯಲ್ಲಿದ್ದ ದುಡ್ಡು ಬೀಜ ಗೊಬ್ಬರಕ್ಕೆ ಹೋಗಿರುತ್ತದೆ, ಮನೆಯಲ್ಲಿ ಶುಭಕಾರ್ಯಕ್ಕೆ ಕೈಕಾಲು ಬಿಡುವಿರುವುದಿಲ್ಲ. ತಿಂಗಳ ಸಂಬಳದವರಿಗೆ ಆ ಕಾರಣ ಇಲ್ಲ, ಆದರೆ ಆ ಹಿಂಜರಿಕೆ ಉಳಿದಿದೆ. ನಾನು ಅದನ್ನು ಹಳಿಯುವುದಿಲ್ಲ, ನಮಗೆ ಅದರಿಂದ ಉಪಕಾರವೇ ಆಯಿತು.

ಆಷಾಢದಲ್ಲಿ ಬರುವ ಗಿರಾಕಿ ಬೇರೆ ತರಹ. ಅವರಿಗೆ ಇವತ್ತೇ ಅಡ್ವಾನ್ಸ್ ಕೊಡುವ ಅವಸರವಿಲ್ಲ, ಕೊಡುವಂತೆಯೂ ಇಲ್ಲ. ಹಾಗಾಗಿ ಅವರು ನೋಡುತ್ತಾರೆ. ದೊಡ್ಡಬಳ್ಳಾಪುರದ ಕಡೆಯ ಒಂದು ಸಂಸಾರ, ಗಂಡ ಬ್ಯಾಂಕಿನಲ್ಲಿ, ಹೆಂಡತಿ ಶಾಲಾ ಶಿಕ್ಷಕಿ, ಜೊತೆಗೆ ಅವರ ಅತ್ತೆ. ಮೊದಲ ದಿನವೇ ಆ ಹಿರಿಯರು ಹೇಳಿದರು, 'ನಾವು ಆಷಾಢದಲ್ಲಿ ರೇಟು ಮಾತಾಡಲ್ಲ ಕಣಕ್ಕ, ಮನೆ ನೋಡ್ಕೊಂಡು ಹೋಗ್ತೀವಿ.' ಅಮ್ಮನಿಗೆ ಆ ಮಾತು ಬಹಳ ಹಿಡಿಸಿತು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದರು.

ಆ ವರ್ಷ ಮುಂಗಾರು ಬಲವಾಗಿರಲಿಲ್ಲ, ಬರದ ವರ್ಷ. ಆದರೂ ಜುಲೈನಲ್ಲಿ ಸೋನೆ ಹಿಡಿದಿತ್ತು. ಅವರು ಬಂದದ್ದೆಲ್ಲ ಸಂಜೆ ಹೊತ್ತು, ಒದ್ದೆ ಕೊಡೆ ಹಿಡಿದುಕೊಂಡು. ಶಿಕ್ಷಕಿ ಪಶ್ಚಿಮದ ರೂಮಿನ ಕಲೆಯ ಮೇಲೆ ಅಂಗೈ ಒತ್ತಿ ನೋಡಿದರು, ಒಣಗಿತ್ತು. ಇನ್ನೊಂದು ಸಲ ಬಂದಾಗ ರಾತ್ರಿಯಿಡೀ ಮಳೆ ಬಿದ್ದಿತ್ತು, ಆಗಲೂ ಅದೇ ಜಾಗಕ್ಕೆ ಹೋಗಿ ಅಂಗೈ ಇಟ್ಟರು. ಅವರ ಗಂಡ ಟೆರೇಸಿಗೆ ಹತ್ತಿ ನೀರು ಯಾವ ಕಡೆ ಹರಿಯುತ್ತದೆ, ಪೈಪಿನ ಬಾಯಲ್ಲಿ ಎಲೆ ಕಟ್ಟಿಕೊಳ್ಳುತ್ತದೆಯೇ ಎಂದು ನೋಡಿದರು. ಗೇಟಿನೆದುರು ನೀರು ನಿಲ್ಲುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿದರು. ಯಲಹಂಕದಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟು ಜಲಾವೃತವಾಗಿ, ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಹಾಗೇ ಆಯಿತು. ನಮ್ಮ ರಸ್ತೆ ಎತ್ತರದಲ್ಲಿದೆ. ಅದನ್ನು ನಾವು ಬಾಯಲ್ಲಿ ಹೇಳುವುದಕ್ಕಿಂತ ಅವರೇ ಮಳೆಯಲ್ಲಿ ನಡೆದು ನೋಡಿದ್ದು ಒಳ್ಳೆಯದಾಯಿತು.

ಆ ಎರಡು ತಿಂಗಳಲ್ಲಿ ನಡೆದ ಇನ್ನೊಂದು ಕೆಲಸ ಕಾಗದಪತ್ರ. ಮನೆ ಮಾರುವುದೆಂದರೆ ಗಿರಾಕಿ ಸಿಗುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಗಿರಾಕಿ ಸಿಕ್ಕ ಮೇಲೆಯೇ ನಿಜವಾದ ಕಾಲ ಬೇಕಾಗುವುದು. ಗೃಹ ಮಂಡಳಿಯ ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ಕಂತು ತೀರಿದ ಮೇಲೆ ಬಂದ ಶುದ್ಧ ಕ್ರಯಪತ್ರ, ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಮ್ಮ ಬಿಡುಗಡೆ ಪತ್ರ, ಅಮ್ಮನ ಹೆಸರಿಗೆ ಖಾತೆ, ಕಂದಾಯದ ರಸೀದಿ. ಋಣಭಾರ ಪತ್ರ, ಅಂದರೆ ಇ.ಸಿ., 2004ರಿಂದೀಚೆಗಿನದು ಆನ್‌ಲೈನಿನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ರಿಜಿಸ್ಟರ್ ಹುಡುಕಿಸಬೇಕು. ಬ್ಯಾಂಕಿನ ವಕೀಲರು ಕೇಳಿದ್ದು ಅದನ್ನೇ. ಶ್ರಾವಣದಲ್ಲಿ ಅಡ್ವಾನ್ಸ್ ಇಸಿದುಕೊಂಡು ಆಮೇಲೆ ಇದನ್ನೆಲ್ಲ ಹೊಂದಿಸಲು ಹೊರಟಿದ್ದರೆ ಕ್ರಯದ ದಿನ ಕಾರ್ತಿಕಕ್ಕೋ ಧನುರ್ಮಾಸಕ್ಕೋ ಹೋಗುತ್ತಿತ್ತು. ಅಶುಭವೆಂದು ಬಿಟ್ಟ ಕಾಲದಲ್ಲಿ ಕಾಗದಗಳು ಒಂದೊಂದಾಗಿ ಕೈಸೇರಿದವು.

ಆಗಸ್ಟ್ 25ರ ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ಅವರು ಬಂದು ಬೆಲೆ ಮಾತಾಡಿದರು. ಅಮ್ಮ ಅವರಿಗೆ ಇನ್ನೊಂದು ವಿಷಯ ಹೇಳಿದರು. ನೀವು ನೋಡಿದ್ದು ಮುಂಗಾರಿನ ಮಳೆ, ಅದು ಪಶ್ಚಿಮದಿಂದ ಹೊಡೆಯುತ್ತದೆ. ಹಿಂಗಾರಿನ ಗಾಳಿ ಪೂರ್ವದ ಕಡೆಯದು, ಅಕ್ಟೋಬರ್ ನವೆಂಬರಿನಲ್ಲಿ ಜೋರು ಮಳೆಯಾದರೆ ಅಡುಗೆಮನೆಯ ಪೂರ್ವದ ಗೋಡೆ, ಸಿಂಕಿನ ಮೇಲ್ಗಡೆ, ಒದ್ದೆಯಾಗುತ್ತದೆ. ಆ ಕಡೆ ಪಕ್ಕದ ಮನೆ ಅಂಟಿಕೊಂಡಂತಿರುವುದರಿಂದ ಹೊರಗಿನಿಂದ ಗಿಲಾಯಿ ಮಾಡಲು ಮೇಸ್ತ್ರಿಗೆ ನಿಲ್ಲಲು ಜಾಗವಿಲ್ಲ. ಬ್ರೋಕರು ತಲೆ ತಗ್ಗಿಸಿ ಕೂತರು. ಶಿಕ್ಷಕಿ ಎದ್ದು ಹೋಗಿ ಸಿಂಕಿನ ಮೇಲಿನ ಗೋಡೆ ನೋಡಿ ಬಂದರು. ಒಂದಷ್ಟು ಬೆಲೆ ಇಳಿಸಿದೆವು. ಅದೇ ದಿನ ಮಾತು ಮುಗಿಯಿತು, ಕರಾರು ಪತ್ರವಾಯಿತು.

ಮುಂದಿನದು ಕ್ಯಾಲೆಂಡರಿನೊಂದಿಗೆ ಓಟ. ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರುತ್ತದೆ ಎಂಬ ಸುದ್ದಿ ಸೆಪ್ಟೆಂಬರಿನಲ್ಲಿ ಬಂತು, ಸರಾಸರಿ ಶೇ 25ರಿಂದ 30ರಷ್ಟು. ಅದಕ್ಕೂ ಮುಂಚೆ ನೋಂದಣಿ ಮುಗಿಸಲು ಜನ ಮುಗಿಬಿದ್ದರು. ಇದರಲ್ಲಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಮುದ್ರಾಂಕ ಶುಲ್ಕವನ್ನು ಪತ್ರದಲ್ಲಿ ಬರೆದ ಬೆಲೆ ಅಥವಾ ಮಾರ್ಗಸೂಚಿ ದರ, ಎರಡರಲ್ಲಿ ಹೆಚ್ಚಿನದಕ್ಕೆ ಹಾಕುತ್ತಾರೆ. ಆಗ ಬೆಂಗಳೂರಿನಲ್ಲಿ ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ ಎಲ್ಲ ಸೇರಿ ಶೇ 6.6, ಕೋಟಿಗೆ 6 ಲಕ್ಷ 60 ಸಾವಿರ. ನಿಜವಾದ ಬೆಲೆಯನ್ನು ಪೂರ್ತಿ ಬರೆಸುವವರಿಗೆ, ಆ ಬೆಲೆ ಹೊಸ ದರಕ್ಕಿಂತ ಮೇಲೇ ಇದ್ದರೆ, ದರ ಏರಿದರೂ ಒಂದು ರೂಪಾಯಿ ವ್ಯತ್ಯಾಸವಿಲ್ಲ. ಹೆಚ್ಚು ಆತಂಕದಲ್ಲಿ ಓಡುತ್ತಿದ್ದವರು ಮಾರ್ಗಸೂಚಿ ದರಕ್ಕೇ ಪತ್ರ ಮಾಡಿಸುವವರು. ಇದನ್ನು ಗಿರಾಕಿಗೆ ವಿವರಿಸಿದೆವು, ಅವರೂ ಬ್ಯಾಂಕಿನವರಾದ್ದರಿಂದ ಒಪ್ಪಿದರು. ಆದರೆ ಅವರ ತಾಯಿಗೆ ಪಿತೃಪಕ್ಷದೊಳಗೆ ಕ್ರಯ ಆಗುವುದು ಇಷ್ಟವಿರಲಿಲ್ಲ, ನಮ್ಮ ಅಮ್ಮನಿಗೂ ಇರಲಿಲ್ಲ.

ಆ ವಾರವನ್ನು ಬರೆದಿಡಬೇಕು. ಸೆಪ್ಟೆಂಬರ್ 26 ಮಂಗಳವಾರ ಕಾವೇರಿ ನೀರಿಗಾಗಿ ಬೆಂಗಳೂರು ಬಂದ್. 28 ಗುರುವಾರ ಈದ್ ಮಿಲಾದ್ ರಜೆ. 29 ಶುಕ್ರವಾರ ಕರ್ನಾಟಕ ಬಂದ್, ಅದೇ ದಿನ ಹುಣ್ಣಿಮೆ. 30ಕ್ಕೆ ಪಕ್ಷ ಹಿಡಿದಿರುತ್ತದೆ. ನಡುವೆ ಉಳಿದದ್ದು 27, ಬುಧವಾರ. ಪತ್ರ ಬರೆಯುವವರು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ವಿವರಗಳನ್ನು ಮುಂಚೆಯೇ ತುಂಬಿ ಸಮಯ ಕಾದಿರಿಸಿದ್ದರಿಂದ ಆ ದಿನ ನಮಗೆ ಸಿಕ್ಕಿತು. ಕಚೇರಿಯ ಮೆಟ್ಟಿಲ ಮೇಲೆ ಜನ ಕೂತಿದ್ದರು, ಒಳಗೆ ನಿಲ್ಲಲು ಜಾಗವಿರಲಿಲ್ಲ. ಅಮ್ಮನ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಯಲಿಲ್ಲ. ಪಾತ್ರೆ ಬಟ್ಟೆ ತೊಳೆದು ಗೆರೆಗಳು ಸವೆದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರೆ ಬೆರಳು ಇಡಿಸಿ, ಒತ್ತಿ ಹಿಡಿದಾಗ ಪರದೆಯ ಮೇಲೆ ಹಸಿರು ಬಂತು. ಶಿಕ್ಷಕಿ ಅಮ್ಮನ ಕೈಯನ್ನು ತಮ್ಮ ಸೆರಗಿನಿಂದ ಒರೆಸಿದರು. ಮಧ್ಯಾಹ್ನದ ಹೊತ್ತಿಗೆ ಮನೆ ಅವರದಾಯಿತು.

ತೆರಿಗೆಯ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಕೇಳುವವರು ಇದ್ದೇ ಇರುತ್ತಾರೆ. ಅಪ್ಪ ಕೊಂಡ ಹಳೆಯ ಮನೆಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲವಾಗಿ ಹಿಡಿದು, 2023–24ರ ಹಣದುಬ್ಬರ ಸೂಚ್ಯಂಕ 348ರ ಪ್ರಕಾರ ಏರಿಸಿ, ಉಳಿದ ಲಾಭಕ್ಕೆ ಶೇ 20. 2024ರ ಜುಲೈ 23ರಿಂದ ಮಾರುವವರಿಗೆ ಸೂಚ್ಯಂಕವಿಲ್ಲದೆ ಶೇ 12.5ರ ದರ ಬಂದಿದೆ, ಅದಕ್ಕೂ ಮುಂಚೆ ಆಸ್ತಿ ಪಡೆದ ಇಲ್ಲಿನ ನಿವಾಸಿಗಳು ಯಾವುದು ಕಡಿಮೆಯೋ ಅದನ್ನು ಆರಿಸಿಕೊಳ್ಳಬಹುದು. ಅಮ್ಮನಿಗೆ ಇನ್ನೊಂದು ಮನೆ ಬೇಕಿರಲಿಲ್ಲ, ತೆರಿಗೆ ವಿನಾಯಿತಿಗೆಂದು ಆರು ತಿಂಗಳೊಳಗೆ ಐದು ವರ್ಷದ ಬಾಂಡುಗಳನ್ನು ಕೊಂಡೆವು. ಅದರ ಮಿತಿ 50 ಲಕ್ಷ. ಮಾರ್ಚಿನ ಬದಲು ಏಪ್ರಿಲ್‌ನಲ್ಲಿ ಮಾರಿದರೆ ತೆರಿಗೆ ಕಟ್ಟಲು ಒಂದು ವರ್ಷ ಹೆಚ್ಚು ಸಿಗುತ್ತದೆ ಎನ್ನುವವರಿದ್ದಾರೆ. ಮುಂಗಡ ತೆರಿಗೆಯ ಕಂತುಗಳಿರುವುದರಿಂದ ಅದೂ ಪೂರ್ತಿ ನಿಜವಲ್ಲ. ಆ ಲೆಕ್ಕಕ್ಕಾಗಿ ಒಳ್ಳೆಯ ಗಿರಾಕಿಯನ್ನು ಕಾಯಿಸಬಾರದು.

ಕ್ರಯವಾದರೂ ಬೀಗದ ಕೈ ಕೊಡುವುದಕ್ಕೆ ಅಮ್ಮ ಮಹಾಲಯ ಅಮಾವಾಸ್ಯೆಯವರೆಗೆ ಅವಕಾಶ ಕೇಳಿದ್ದರು, ಕರಾರಿನಲ್ಲೇ ಬರೆಸಿದ್ದರು. ಅಪ್ಪನಿಗೆ ಎಡೆ ಇಡುವುದು ಆ ಮನೆಯಲ್ಲೇ ಆಗಬೇಕು. ಕೊಂಡವರು ಎರಡನೇ ಮಾತಾಡದೆ ಒಪ್ಪಿದರು. ಅವರೂ ನವರಾತ್ರಿಗೆ ಮುಂಚೆ ಬರುವವರಲ್ಲ. ಅಕ್ಟೋಬರ್ 14ರಂದು ನಡುಮನೆಯಲ್ಲಿ ಬಾಳೆಲೆ ಹಾಕಿ, ಹೊಸ ಪಂಚೆ ಟವೆಲ್ ಇಟ್ಟು, ಅಪ್ಪನಿಗೆ ಇಷ್ಟವಾದ ಕಜ್ಜಾಯ, ವಡೆ, ಕೋಳಿಸಾರು, ಒಂದು ಲೋಟ ಸ್ಟ್ರಾಂಗ್ ಕಾಫಿ ಬಡಿಸಿದೆವು. ಸಾಂಬ್ರಾಣಿ ಹಾಕಿ, ರೂಢಿಯಂತೆ ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಅಮ್ಮ ಅಳಲಿಲ್ಲ. ನಾನು ಅತ್ತೆ. ಮನೆ ಕೊಳ್ಳುವವರಿಗೆ ಪಂಚಾಂಗ ಬೇಡವೆಂದ ಆ ಹದಿನೈದು ದಿನ ನಮಗೆ ಆ ಮನೆಯಲ್ಲಿ ಸಿಕ್ಕಿದ್ದು ನನಗೆ ದೊಡ್ಡದು. ಹುಣ್ಣಿಮೆಗೆ ಮುಂಚೆ ಕ್ರಯವಾಗಿ ಅಂದೇ ಕೈಬಿಟ್ಟಿದ್ದರೆ, ಅಥವಾ ತಮ್ಮ ಹೇಳಿದಂತೆ ಏಪ್ರಿಲ್‌ನಲ್ಲೇ ಮಾರಿದ್ದರೆ, ಅಪ್ಪನ ಎಡೆಯನ್ನು ಮೈಸೂರಿನಲ್ಲಿ ಇಡುತ್ತಿದ್ದೆವು. ಇಡಬಾರದೆಂದಿಲ್ಲ. ಆದರೆ ಅಮ್ಮನ ಮನಸ್ಸು ಹೀಗೆ ಹಗುರವಾಗುತ್ತಿರಲಿಲ್ಲ.

ಮರುದಿನ, ಪಾಡ್ಯದ ಬೆಳಿಗ್ಗೆ, ಬೀಗದ ಕೈಗಳನ್ನು ಕೊಟ್ಟೆವು. ಜೊತೆಗೆ ಸಂಪಿನ ವಾಲ್ವು ಯಾವ ಕಡೆ ತಿರುಗಿಸಬೇಕು, ಕಾವೇರಿ ನೀರು ಯಾವ ಹೊತ್ತಿಗೆ ಬರುತ್ತದೆ, ಪ್ಲಂಬರು, ಎಲೆಕ್ಟ್ರಿಷಿಯನ್ ಯಾರು ಎಂದು ಅಮ್ಮ ಬರೆಸಿದ ಒಂದು ಹಾಳೆ. ಗ್ಯಾಸ್ ಒಲೆಯ ಕಲ್ಲಿನ ಕೆಳಗಿನ ಒಂದು ಗೂಡಿನ ಬಾಗಿಲು ಎತ್ತಿ ಎಳೆಯಬೇಕು ಎಂಬುದನ್ನೂ ಅದರಲ್ಲಿ ಬರೆಸಿದ್ದರು.

ನವೆಂಬರಿನ ಮೊದಲ ವಾರ ಬೆಂಗಳೂರಿನಲ್ಲಿ ಜೋರು ಮಳೆಯಾಯಿತು. ಆ ರಾತ್ರಿ ಶಿಕ್ಷಕಿಯ ಫೋನು ಬಂತು. 'ಅಮ್ಮಂಗೆ ಹೇಳಿ ಅಕ್ಕ, ಸಿಂಕಿನ ಮೇಲೆ ಅವರು ಹೇಳಿದ ಜಾಗದಲ್ಲೇ ಒದ್ದೆಯಾಗಿದೆ, ಬೇರೆಲ್ಲೂ ಇಲ್ಲ. ಪಕ್ಕದ ಮನೆಯವರ ಹತ್ತಿರ ಮಾತಾಡಿದ್ದೀವಿ, ಅವರ ಕಡೆಯಿಂದ ಹಲಗೆ ಕಟ್ಟಿಕೊಂಡು ಮಾಡಿಸಬಹುದಂತೆ. ಪ್ಯಾರಪಿಟ್ ರಿಪೇರಿ ಮಾಡಿದ ಮೇಸ್ತ್ರಿ ನಂಬರು ಇದೆಯಾ?' ನಂಬರು ಕಳಿಸಿದೆ. ಅಮ್ಮ ಪಕ್ಕದಿಂದಲೇ ಕೂಗಿ ಹೇಳಿದರು, ಈಗಲೇ ಕರೆಸಬೇಡಿ ಅಂತ ಹೇಳು, ಗೋಡೆ ಒಣಗಲಿ, ಸಂಕ್ರಾಂತಿ ಆದ ಮೇಲೆ ಮಾಡಿಸಲಿ.